ಕೂಗುಕಲ್ಲಿನ ಮೇಲೆ ಮುಕ್ಕಾಲು ತಾಸು

ಬೋಳಬೇಣದ ದಾರಿಯಲ್ಲಿ, ಕಾನಿನ ಮರಗಳು ಮುಗಿದು ಹುಲ್ಲು ಶುರುವಾಗುವ ಜಾಗದಲ್ಲಿ, ಯಾರೋ ಹೊಸದಾಗಿ ಒಂದು ಬೋರ್ಡು ನಿಲ್ಲಿಸಿದ್ದಾರೆ. ಹೋದ ವಾರ ನಮ್ಮ ಎಮ್ಮೆ ಹಗ್ಗ ಹರಿದುಕೊಂಡು ಆ ಕಡೆ ಹೋಗಿತ್ತು. ಅದನ್ನು ಹುಡುಕುತ್ತ ಮೂರು ವರ್ಷದ ಮೇಲೆ ಮೊದಲ ಸಲ ಅಲ್ಲಿಗೆ ಹತ್ತಿದೆ. ಮಳೆ ಹೊಳವಾಗಿ ಎರಡು ದಿನ ಆಗಿತ್ತು. ಬಿಸಿಲಿಗೆ ಬೇಯುವ ಹಸಿ ಹುಲ್ಲಿನ ವಾಸನೆ ಮೂಗಿಗೆ ಬಂದದ್ದೇ ಕಾಲು ನಿಂತುಬಿಟ್ಟಿತು. ಎದುರಿಗೇ ಬೋರ್ಡು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ‘ಎಚ್ಚರಿಕೆ. ಈ ಗುಡ್ಡದ ಮೇಲೆ ಮಾರ್ಗದರ್ಶಿಯ ನಿರ್ಲಕ್ಷ್ಯದಿಂದ ಪ್ರವಾಸಿಗರೊಬ್ಬರು ಮೃತಪಟ್ಟಿರುತ್ತಾರೆ.’

ನಿರ್ಲಕ್ಷ್ಯ ಎಂಬ ಪದ ನನಗೆ ನೋಡದೆ ಬರೆಯಲು ಬರುವುದಿಲ್ಲ. ಮರುದಿನ ಪೆನ್ನು ಹಿಡಿದು ಮತ್ತೆ ಅಷ್ಟು ದೂರ ಹತ್ತಿ ಹೋಗಿ, ಅಂಗೈ ಮೇಲೆ ಬರೆದುಕೊಂಡು ಬಂದೆ. ಅಷ್ಟು ಸಿಟ್ಟು ಬಂದಿತ್ತು.

ಆ ಮಾರ್ಗದರ್ಶಿ ನನ್ನ ತಮ್ಮ. ಹೆಸರು ಮಹಾಬಲೇಶ್ವರ, ಊರಿಗೆಲ್ಲ ಮಾಬ್ಲ. ಸತ್ತವರು ಹಾನಗಲ್ ಕಡೆಯ ಬಸವರಾಜ ಎಂಬ ಅಂಗಡಿಕಾರರು. ಸಿಡಿಲು ಬಡಿದು ಸತ್ತರು. ಅವತ್ತು ತಪ್ಪಿದ್ದು ಮಾಬ್ಲ ಅಲ್ಲ, ನಾನು. ಈ ಸಂಗತಿ ನನ್ನೊಬ್ಬಳಿಗೇ ಗೊತ್ತಿತ್ತು. ಮಾಬ್ಲನಿಗೂ ಗೊತ್ತಿರಲಿಲ್ಲ. ತನ್ನ ಕಿವಿ ಮಂದವಾಗಿದೆ, ಅಕ್ಕ ಕೂಗಿದ್ದು ತನಗೆ ಕೇಳಲಿಲ್ಲ, ಅದಕ್ಕೇ ಒಂದು ಜೀವ ಹೋಯಿತು ಎಂದು ನಂಬಿಕೊಂಡು ಅವನು ಮೂರು ವರ್ಷ ಕಳೆದ. ನಾನು ಅವನನ್ನು ನಂಬಲು ಬಿಟ್ಟೆ.

ಬೋರ್ಡಿನ ಮೇಲೆ ಬಂದಿತ್ತು ನನ್ನ ಸಿಟ್ಟು, ಆದರೆ ಅಲ್ಲಿಯೇ ನಿಲ್ಲಲಿಲ್ಲ. ಮನೆಗೆ ಇಳಿದು ಬರುವಷ್ಟರಲ್ಲಿ ಅದು ತಿರುಗಿ ನನ್ನ ಮೇಲೇ ಬಂದಿತ್ತು.

ಆ ವರ್ಷದ ಹಸ್ತ ಮಳೆಯ ಕಥೆ ಹೇಳುವ ಮೊದಲು ಕೂಗಿನ ಸಂಗತಿ ಹೇಳಬೇಕು. ನಮ್ಮೂರು ಸಿದ್ದಾಪುರ ತಾಲ್ಲೂಕಿನ ಕೊನೆಯಲ್ಲಿದೆ. ಬಿಳಗಿ ದಾಟಿ ಇನ್ನೂ ಮುಂದೆ, ಘಟ್ಟ ಮುರಿದು ಕೆಳಗೆ ಬೀಳುವ ಅಂಚಿನಲ್ಲಿ. ಬೋಳಬೇಣ ಒಂದು ಉದ್ದನೆಯ ಹುಲ್ಲುಗುಡ್ಡ. ಮೇಲೆ ಮರವಿಲ್ಲ, ಒಂದೇ ಒಂದು ಗಾಳಿಗೆ ಬಾಗಿದ ನೇರಳೆ ಮರ ಬಿಟ್ಟರೆ. ಗುಡ್ಡದಿಂದ ಪಡುವಣಕ್ಕೆ ಒಂದು ಸಪೂರ ಏಣು ಮುಂದೆ ಚಾಚಿಕೊಂಡಿದೆ. ಅದಕ್ಕೆ ಮೂಗು ಎನ್ನುತ್ತೇವೆ. ಎರಡೂ ಬದಿ ಇಳಿಜಾರು, ನಡುವೆ ಇಬ್ಬರು ಒಟ್ಟಿಗೆ ನಡೆಯುವಷ್ಟು ಜಾಗ. ತುದಿಯಲ್ಲಿ ನಿಂತರೆ ಹೊಳವಾದ ದಿನ ಸಮುದ್ರದ ಗೆರೆ ಕಾಣುತ್ತದೆ. ಆದರೆ ಮೂಗಿನ ಮೇಲೆ ನಿಂತವರಿಗೆ ಬೆನ್ನ ಹಿಂದಿನ ಆಕಾಶ ಕಾಣುವುದಿಲ್ಲ, ಗುಡ್ಡವೇ ಅಡ್ಡ ಇರುತ್ತದೆ. ಆಷಾಢದ ಮಳೆ ಪಡುವಣದಿಂದ ಬರುತ್ತದೆ, ಅದು ಎಲ್ಲರಿಗೂ ಕಾಣುವಂಥದ್ದು. ಹಸ್ತ ಮಳೆ ಮೂಡಣದಿಂದ, ಬೆನ್ನ ಹಿಂದಿನಿಂದ ಬರುತ್ತದೆ. ಸಿಡಿಲು ಇರುವುದು ಅದರಲ್ಲೇ.

ಅದಕ್ಕಾಗಿ ನಮ್ಮ ಹಿರಿಯರು ಒಂದು ಪದ್ಧತಿ ಇಟ್ಟಿದ್ದರು. ಹುಲ್ಲು ಕೊಯ್ಯಲು ಹೋದ ಗುಂಪಿನಲ್ಲಿ ಒಬ್ಬರು ಕತ್ತಿ ಹಿಡಿಯುತ್ತಿರಲಿಲ್ಲ. ಗುಡ್ಡದ ಬೆನ್ನು ತಗ್ಗಾಗಿ ಎರಡೂ ಕಡೆ ಕಾಣುವ ಜಾಗದಲ್ಲಿ ಒಂದು ಕಲ್ಲಿದೆ, ಅದೇ ಕೂಗುಕಲ್ಲು. ಅದರ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂರುವುದೇ ಅವರ ಕೆಲಸ. ಮೋಡ ಕಂಡರೆ ಕೂಗಬೇಕು. ಕೇಳಿದವರು ತಿರುಗಿ ಕೂಗಬೇಕು, ಇದ್ದಲ್ಲೇ ಹೊರೆ ಬಿಟ್ಟು ಕಾನಿಗೆ ಇಳಿಯಬೇಕು. ಯಾಕೆ ಏನು ಎಂದು ಕೇಳುವ ಹಾಗಿಲ್ಲ. ಒಂದು ಕಡ್ಡಿ ಹುಲ್ಲು ಕೊಯ್ಯದಿದ್ದರೂ ಕೂಗಿದವರಿಗೆ ಎಲ್ಲರಷ್ಟೇ ಹೊರೆ ಪಾಲು ಸಿಗುತ್ತಿತ್ತು. ಇನ್ನೊಂದು ಮಾತಿತ್ತು: ಮಳೆ ಬರದೇ ಹೋದರೂ ಕೂಗಿದವರನ್ನು ಬೈಯಬಾರದು, ನಗಬಾರದು. ಅಪ್ಪ ಹೇಳುತ್ತಿದ್ದ, “ಹತ್ತು ಸುಳ್ಳು ಕೂಗು ತಡ್ಕಂಬಲಕ್ಕು. ಒಂದು ನುಂಗಿದ ಕೂಗು ತಡ್ಕಂಬಲೆ ಆಗ.” ಚಿಕ್ಕವಳಿದ್ದಾಗ ಈ ನಗಬಾರದೆಂಬ ಮಾತು ಯಾಕೆ ಎಂದು ನನಗೆ ತಿಳಿದಿರಲಿಲ್ಲ. ಕೂಗಬೇಕೆಂಬ ಮಾತಿಗಿಂತ ಅದೇ ದೊಡ್ಡದು.

ಈಗ ಹುಲ್ಲು ಕೊಯ್ಯುವವರು ಯಾರೂ ಇಲ್ಲ. ಸುರೇಶಣ್ಣ ರಸ್ತೆ ಬದಿಯ ತನ್ನ ಗದ್ದೆಮನೆಗೆ ನಾಲ್ಕು ಕೋಣೆ ಕಟ್ಟಿಸಿ ಪ್ರವಾಸಿಗರಿಗಾಗಿ ಸ್ಟೇ ಮಾಡಿದ ಮೇಲೆ ಗುಡ್ಡ ಹತ್ತುವವರು ಬೇರೆಯಾದರು. ಬೆನ್ನಿಗೆ ಚೀಲ, ಕೈಯಲ್ಲಿ ಕಬ್ಬಿಣದ ಮೊನೆಯ ಕೋಲು. ಅವರನ್ನು ಕರೆದೊಯ್ಯುವವನು ಮಾಬ್ಲ. ನಾನು ಅಲ್ಲಿ ಅಡಿಗೆಗೆ ಹೋಗುತ್ತಿದ್ದೆ. ಕೆಲಸ ಒಪ್ಪಿಕೊಳ್ಳುವಾಗ ಮಾಬ್ಲ ಒಂದೇ ಮಾತು ಹೇಳಿದ್ದ.

“ಅಕ್ಕನ್ನ ಕಲ್ಲಿನ ಮೇಲೆ ಕೂರ್ಸಿದ್ರೆ ಮಾತ್ರ ನಾ ಮೂಗಿಗೆ ಹೋಗ್ತೆ. ಇಲ್ದಿದ್ರೆ ಇಲ್ಲ.”

“ಆಯ್ತೋ ಮಾರಾಯ,” ಎಂದಿದ್ದ ಸುರೇಶಣ್ಣ, “ತಿಂಡಿ ಮಾಡಿಟ್ಟು ಹೋಗ್ಲಿ.”

ಮಾಬ್ಲ ಹೇಗೆ ಕರೆದೊಯ್ಯುತ್ತಿದ್ದ ಎಂದು ಬೋರ್ಡು ಬರೆಸಿದವರು ಒಂದು ದಿನ ಬಂದು ನೋಡಬೇಕಿತ್ತು. ಬೆಳಕು ಹರಿಯುವಾಗ ಹೊರಡಬೇಕು, ನೆರಳು ಕಾಲಡಿಗೆ ಬರುವುದರೊಳಗೆ ತಿರುಗಿ ಕಾನಿನಲ್ಲಿರಬೇಕು. ಇದು ಅವನ ಮೊದಲ ಮಾತು. ಹೊರಡುವ ಮೊದಲು ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕುಕ್ಕರಗಾಲಲ್ಲಿ ಕೂರಿಸುತ್ತಿದ್ದ. ಪಾದ ಎರಡೂ ಜೋಡಿಸಿ, ತಲೆ ಬಗ್ಗಿಸಿ, ಕಿವಿ ಮುಚ್ಚಿಕೊಂಡು. ಮಲಗಬಾರದು, ಕೈ ನೆಲಕ್ಕೆ ಊರಬಾರದು. ಒಬ್ಬರನ್ನೊಬ್ಬರು ಹಿಡಿದುಕೊಳ್ಳಬಾರದು, ಇಪ್ಪತ್ತು ಹೆಜ್ಜೆ ದೂರ ದೂರ ಕೂರಬೇಕು. ಕೋಲು, ಕೊಡೆ ದೂರ ಎಸೆಯಬೇಕು. ಏಣಿನ ನೆತ್ತಿಯ ಮೇಲೆ ಇರಬಾರದು, ಬದಿಗೆ ಸ್ವಲ್ಪ ಇಳಿಯಬೇಕು. ಒಂಟಿ ಮರದ ಬುಡಕ್ಕೆ, ಬಂಡೆಯ ಪೊಟರೆಗೆ ಮಾತ್ರ ಹೋಗಬೇಡಿ, ನೆನೆದರೆ ಯಾರೂ ಸಾಯುವುದಿಲ್ಲ. ಇದನ್ನೆಲ್ಲ ಅವನು ಪ್ರತಿ ಸಲ ಹೇಳುತ್ತಿದ್ದ. ದೊಡ್ಡ ದೊಡ್ಡ ಮನುಷ್ಯರು ಅಂಗಳದಲ್ಲಿ ಕಪ್ಪೆಯ ಹಾಗೆ ಕೂತು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ.

ಆ ವರ್ಷ ಹಸ್ತ ಹುಟ್ಟಿದ್ದೇ ಬಿಸಿಲಿನಲ್ಲಿ. ಬೇಣದ ತುಂಬ ಮೊಣಕಾಲೆತ್ತರದ ಹುಲ್ಲು, ನಡುನಡುವೆ ಹಳದಿ ಹೂವು. ಶಾಲೆಗಳಿಗೆ ರಜೆ ಶುರುವಾಗಿತ್ತು, ಸ್ಟೇ ತುಂಬಿತ್ತು. ಮೊದಲ ವಾರ ಒಂದು ಗುಂಪು ಮೂಗಿನ ಮೇಲಿದ್ದಾಗ ನಾನು ಕೂಗಿದೆ. ಮೂಡಣದಲ್ಲಿ ಕಪ್ಪು ಕಟ್ಟಿತ್ತು. ಅವರು ಇಳಿದರು. ಮೋಡ ಬನವಾಸಿ ಕಡೆಗೆ ಜಾರಿ ಹೋಯಿತು, ನಮ್ಮಲ್ಲಿ ಒಂದು ಹನಿ ಬೀಳಲಿಲ್ಲ. ಅವತ್ತು ಸಂಜೆ ಸುರೇಶಣ್ಣ ಅಡಿಗೆಮನೆ ಬಾಗಿಲಿಗೆ ಬಂದ.

“ದೇವಕಿ, ನೀ ಹೀಂಗೆ ಕೂಗಿ ಕೂಗಿ ಇಳ್ಸಿದ್ರೆ ಎಂತ ಆಗ್ತದೆ ಗೊತ್ತದ್ಯಾ? ಅವ್ರು ಮೊಬೈಲಲ್ಲಿ ನಮ್ಮ ಜಾಗದ ಮೇಲೆ ಕೆಟ್ಟದಾಗಿ ಬರೀತ್ರು. ನಾಳೆ ಯಾರು ಬರ್ತ್ರು?”

“ಮೋಡ ಕಂಡ್ತಲ ಸುರೇಶಣ್ಣ.”

“ಮಳೆಗಾಲ್ದಲ್ಲಿ ಮೋಡ ಕಾಣ್ದೆ ಚಂದ್ರ ಕಾಣ್ತದ್ಯಾ? ಗ್ಯಾರಂಟಿ ಆದ್ರೆ ಕೂಗು.”

ಗ್ಯಾರಂಟಿ ಆದರೆ ಕೂಗು. ಗ್ಯಾರಂಟಿ ಆದ ಮೇಲೆ ಕೂಗಿ ಮಾಡುವುದೇನು? ಅದನ್ನು ಅವತ್ತೇ ಅವನ ಮುಖದ ಮೇಲೆ ಕೇಳಬೇಕಿತ್ತು. ಕೇಳಲಿಲ್ಲ. ತೊವ್ವೆಗೆ ಒಗ್ಗರಣೆ ಹಾಕುತ್ತ ನಿಂತೆ.

ಆಮೇಲೆ ಹಾನಗಲ್ಲಿನ ಎಂಟು ಜನ ಬಂದರು, ಶುಕ್ರವಾರ ಸಂಜೆ. ಅವರಲ್ಲಿ ಬಸವರಾಜ ಮಾತಿನ ಮನುಷ್ಯ. ಬೀಜ ಗೊಬ್ಬರದ ಅಂಗಡಿಯಂತೆ. ಬಂದವರೇ ಒಳಗೆ ಬಂದು, “ಅಕ್ಕಾರ, ಇಷ್ಟ್ ದೊಡ್ಡ ಕೊಡ ನೀವ್ ಒಬ್ರ ಎತ್ತತೀರೇನ್ರಿ, ಕೊಡ್ರಿ ಇಲ್ಲೆ” ಎಂದು ಬಾವಿಕಟ್ಟೆಯಿಂದ ನೀರು ತಂದು ಕೊಟ್ಟರು. ಜೊತೆಗೆ ಅವರ ಹೆಂಡತಿ ಗೀತಾ, ಮೆತ್ತಗಿನ ಹೆಂಗಸು. ಗಂಡ ಮಾತಾಡಿದ್ದಕ್ಕೆಲ್ಲ ಸಣ್ಣಗೆ ನಗುವುದು ಅವರ ರೂಢಿ. ಕೆಟ್ಟವರೆಂದು ಹೇಳುವ ಹಾಗೇ ಇಲ್ಲ. ಇದನ್ನು ಬರೆಯುವಾಗ ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು ಎಂದು ಅನಿಸುತ್ತದೆ, ಅದಕ್ಕೂ ನಾಚಿಕೆಯಾಗುತ್ತದೆ.

ಶನಿವಾರ ಅವರು ಮೂಗಿನ ಅರ್ಧ ದಾರಿಗೆ ಹೋಗಿದ್ದರು. ಹತ್ತು ಗಂಟೆಯ ಹೊತ್ತಿಗೆ ಮೂಡಣದಲ್ಲಿ ಮೋಡ ಎದ್ದಿತು. ಕೂಗಿದೆ. ಮಾಬ್ಲ ತಿರುಗಿ ಕೂಗಿದ, ಎಲ್ಲರನ್ನೂ ಇಳಿಸಿಕೊಂಡು ಬಂದ. ಮೋಡ ಚದುರಿತು. ಸಂಜೆಯವರೆಗೂ ಕಣ್ಣು ಕುಕ್ಕುವ ಬಿಸಿಲು.

ಸಂಜೆ ಊಟದ ಹೊತ್ತಿಗೆ ಬಸವರಾಜ ತಮ್ಮ ಮೊಬೈಲನ್ನು ಬಾಳೆಲೆ ಪಕ್ಕಕ್ಕಿಟ್ಟು ಒತ್ತಿದರು. ನನ್ನ ಕೂಗು. ಗುಡ್ಡದ ಮೇಲೆ ಅವರು ಅದನ್ನು ಹಿಡಿದಿಟ್ಟುಕೊಂಡಿದ್ದರು. ನಾನು ಕೂಗುವುದು ಹೊರಗಿನಿಂದ ಹೇಗೆ ಕೇಳುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗಂಟಲು ಕಟ್ಟಿದ ನವಿಲಿನ ಹಾಗೆ. ಎಲ್ಲರೂ ನಕ್ಕರು.

“ಅಕ್ಕಾರ, ನೀವ್ ಕೂಗಿದ್ರ ಮಳಿ ಅಂಜಿ ಓಡಿ ಹೋಗ್ತೈತಿ ನೋಡ್ರಿ,” ಎಂದರು ಬಸವರಾಜ. “ನಮ್ಮೂರಿಗೆ ಬರ್ರಿ ಒಮ್ಮೆ. ಗೋವಿನಜೋಳ ರಾಶಿ ಮಾಡೂ ಟೈಮಿಗೆ ಮಳಿ ಬಂದ್ ಕಾಡ್ತೈತಿ. ನೀವ್ ಬಂದ್ ಒಂದ್ ಸಲ ಕೂಗಿದ್ರ ಸಾಕು, ಊರ ಉಳೀತೈತಿ.”

ಅಷ್ಟೇ ಆಗಿದ್ದರೆ ನಾನೂ ನಗುತ್ತಿದ್ದೆ. ಅಷ್ಟು ತಮಾಷೆ ತಡೆದುಕೊಳ್ಳುವವಳೇ ನಾನು. ಆದರೆ ಅನ್ನ ಬಡಿಸುತ್ತ ತಲೆ ಎತ್ತಿದರೆ ಮಾಬ್ಲ ನಗುತ್ತಿದ್ದ.

“ನಮ್ಮ ಅಕ್ಕಂಗೆ ಒಲೆ ಹೊಗೆ ಕಂಡ್ರೂ ಮೋಡ ಕಂಡಂಗೆ ಆಗ್ತದೆ,” ಎಂದ.

ಇನ್ನೊಂದು ಸಲ ಎಲ್ಲರೂ ನಕ್ಕರು. ನಾನು ಅನ್ನದ ಪಾತ್ರೆ ಹಿಡಿದು ಒಳಗೆ ಹೋದೆ. ಕೂಗಿದವರನ್ನು ನಗಬಾರದು ಎನ್ನುವುದು ಅವರಿಗೆ ಗೊತ್ತಿಲ್ಲ, ಪರವೂರಿನವರು. ಇವನಿಗೆ ಗೊತ್ತು. ಅವ್ವ ಹೋದ ಮೇಲೆ ಹುಲ್ಲು ಕೊಯ್ಯುವ ದಿನ ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಆ ಕಲ್ಲಿನ ಮೇಲೆ ಕೂರುತ್ತಿದ್ದವಳು ನಾನು. ಇವನಿಗೆ ಕೂಗಲು ಕಲಿಸಿದ್ದು ನಾನು.

ಭಾನುವಾರ ಅವರು ತಡವಾಗಿ ಎದ್ದರು. ಮಾಬ್ಲ ಐದೂವರೆಯಿಂದ ಅಂಗಳದಲ್ಲಿ ಓಡಾಡುತ್ತಿದ್ದ. ಕೊನೆಯವರು ಚಹ ಕುಡಿದು ಬೂಟು ಹಾಕುವಾಗ ಒಂಬತ್ತಾಗಿತ್ತು.

“ಈ ಹೊತ್ತಿಗೆ ಮೂಗಿಗೆ ಹೋಪಲೆ ಆಗ. ಕಲ್ಲಿನವರೆಗೆ ಹೋಗಿ ಬಪ್ಪ,” ಎಂದ.

“ಅಣ್ಣಾರ, ಇಷ್ಟ್ ದೂರ ಬಂದ್ ಸಮುದ್ರ ನೋಡದ ಹೋದ್ರ ಈಕಿ ನನ್ನ ಮನೀಗೆ ಸೇರಸೂದಿಲ್ಲ,” ಎಂದು ಬಸವರಾಜ ಹೆಂಡತಿಯನ್ನು ತೋರಿಸಿದರು. “ಒಂದ ಸಲ ನೋಡಿ ಬಂದ್ಬಿಡೂಣು. ಆಕಾಶ ನೋಡ್ರಿ, ಗಾಜು ಇದ್ದಂಗ ಐತಿ.”

ಸುರೇಶಣ್ಣನೂ ಹಿಂದಿನಿಂದ, “ಹೋಗ್ಬಾ ಮಾಬ್ಲ, ನಿನ್ನೆನೂ ಅರ್ಧಕ್ಕೆ ಬಂದ್ರು ಪಾಪ,” ಎಂದ. ಮಾಬ್ಲ ನನ್ನ ಕಡೆ ನೋಡಿದ. ಆಮೇಲೆ ಅವರಿಗೆ ಹೇಳಿದ, “ಅಕ್ಕ ಕೂತಿರ್ತ್ಲು. ಕೂಗಿದ್ಲು ಅಂದ್ರೆ ಯಾರೂ ಮಾತಾಡುಕಿಲ್ಲ, ತಿರುಗಿ ಇಳಿಯೂದೇ.” ನಿನ್ನೆ ನಕ್ಕವನು ಇವತ್ತು ನನ್ನ ಕೂಗಿನ ಮೇಲೆ ಎಂಟು ಜೀವ ಇಟ್ಟು ಹೊರಟಿದ್ದ. ನನ್ನನ್ನು ನಂಬಿದ್ದರಿಂದಲೇ ತಡವಾದರೂ ಹೊರಟ. ಬೋರ್ಡಿನಲ್ಲಿ ಇದಕ್ಕೆ ನಿರ್ಲಕ್ಷ್ಯ ಎಂದು ಬರೆದಿದ್ದಾರೆ.

ನಾನು ಕಲ್ಲಿನ ಮೇಲೆ ಕೂತೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಗಂಟೆ ನೋಡಲಿಕ್ಕಷ್ಟೇ ಅದು. ಅವರು ಮೂಗಿನ ತುದಿ ಮುಟ್ಟಿದಾಗ ಹನ್ನೆರಡಕ್ಕೆ ಕಾಲು ಗಂಟೆ ಇತ್ತು. ಬಣ್ಣಬಣ್ಣದ ಅಂಗಿಗಳು ಸಣ್ಣದಾಗಿ ಕಾಣುತ್ತಿದ್ದವು. ಸರಿಯಾಗಿ ಹನ್ನೆರಡಕ್ಕೆ ಮೂಡಣದ ಗುಡ್ಡಗಳ ಹಿಂದೆ ಮೋಡ ತಲೆ ಹಾಕಿತು. ಬುಡ ಕಪ್ಪು, ಮೇಲೆ ಹತ್ತಿಯ ಹಾಗೆ ಬಿಳಿ, ನೋಡುತ್ತಿದ್ದ ಹಾಗೇ ಮೇಲೆ ಏರುತ್ತಿತ್ತು. ನಿನ್ನೆಯದರ ಹಾಗೆ ಹರಡಿಕೊಳ್ಳುವ ಮೋಡ ಅಲ್ಲ, ನೆಟ್ಟಗೆ ಎದ್ದು ನಿಲ್ಲುವ ಮೋಡ. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಂಡು ನಾನು ತಪ್ಪಿಸಿಕೊಳ್ಳುವುದಿಲ್ಲ.

ಎದ್ದು ನಿಂತೆ. ಬಾಯಿಗೆ ಕೈ ಅಡ್ಡ ಇಟ್ಟೆ. ಆಗ ಆ ಮೊಬೈಲಿನಲ್ಲಿ ಕೇಳಿದ ನನ್ನ ದನಿ ನೆನಪಾಯಿತು. ಈಗ ಅಲ್ಲಿ ಅವರು ಮೊಬೈಲು ತೆಗೆದು ಹಿಡಿದಿರಬಹುದು ಎನಿಸಿತು. ಮಾಬ್ಲ ನಗುತ್ತಿರಬಹುದು. ಕೈ ಕೆಳಗೆ ಬಿಟ್ಟೆ. ಇನ್ನು ಸ್ವಲ್ಪ ಹೊತ್ತು ನೋಡುವ ಎಂದುಕೊಂಡೆ. ಸುರೇಶಣ್ಣ ಹೇಳಿದ ಗ್ಯಾರಂಟಿ ಆಗಲಿ ಎಂದುಕೊಂಡೆ. ಇಷ್ಟನ್ನೇ ಹೇಳಿ ನಿಲ್ಲಿಸಬಹುದು, ಕೇಳಿದವರು ಪಾಪ ಎಂದಾರು. ಆದರೆ ನಾನು ಅಂದುಕೊಂಡದ್ದು ಇನ್ನೂ ಒಂದಿದೆ. ಒಂದು ಸಲ ನೆನೆಯಲಿ ಎಂದುಕೊಂಡೆ. ಚೆನ್ನಾಗಿ ನೆನೆದು, ಹೆದರಿ, ಓಡಿ ಬರಲಿ. ಆಗ ಗೊತ್ತಾಗುತ್ತದೆ ಒಲೆ ಹೊಗೆ ಯಾವುದು ಮೋಡ ಯಾವುದು ಎಂದು. ಹಾಗೆ ಅಂದುಕೊಂಡು ಮತ್ತೆ ಕಲ್ಲಿನ ಮೇಲೆ ಕೂತೆ. ಮುಕ್ಕಾಲು ತಾಸು.

ಸಿಡಿಲಿನ ಮಳೆ ಬರುವ ಮೊದಲು ಗಾಳಿ ತಿರುಗುತ್ತದೆ. ಮಳೆ ಇದ್ದ ಕಡೆಗೇ ಬೀಸಲು ಶುರುವಾಗುತ್ತದೆ. ಗಾಳಿ ತಿರುಗುವುದರೊಳಗೆ ಕೂಗಬೇಕು ಎನ್ನುವುದು ಅದಕ್ಕೇ. ಆಮೇಲೆ ಕೂಗಿದರೆ ಕೂಗು ಮುಂದೆ ಹೋಗುವುದಿಲ್ಲ, ನಮ್ಮ ಮುಖಕ್ಕೇ ಬಂದು ಬಡಿಯುತ್ತದೆ. ಹುಲ್ಲು ಒಮ್ಮೆಲೇ ಮೂಡಣಕ್ಕೆ ಮಲಗಿತು. ಆಗ ಹನ್ನೆರಡೂ ಮುಕ್ಕಾಲು, ಅವರಿನ್ನೂ ಮೂಗಿನ ಮೇಲೇ ಇದ್ದರು. ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ, ಒಂದೇ ಸಲ. ತಿರುಗಿ ಕೂಗು ಬರಲಿಲ್ಲ. ಅಷ್ಟರಲ್ಲಿ ಮೊದಲನೇ ಗುಡುಗು ಬಂತು.

ಮುಂದೆ ಆದದ್ದನ್ನು ನಾನು ಮೇಲಿನಿಂದ ಕಣ್ಣಾರೆ ಕಂಡೆ. ಮಾಬ್ಲ ಎರಡೂ ಕೈ ಬೀಸಿ ಎಲ್ಲರನ್ನೂ ಬೇರೆ ಬೇರೆ ಮಾಡಿದ. ಕೋಲುಗಳನ್ನು ಕಿತ್ತು ಕಿತ್ತು ಎಸೆದ. ಒಬ್ಬೊಬ್ಬರನ್ನೇ ಏಣಿನ ಬದಿಗೆ ಇಳಿಸಿ, ಹೆಗಲು ಒತ್ತಿ ಕೂರಿಸಿದ. ಮಳೆ ಬಂತು. ಬಸವರಾಜ ಒಬ್ಬರೇ ಎದ್ದು ಓಡಿದರು, ಮೂಗಿನ ಬುಡದಲ್ಲಿದ್ದ ಆ ಒಂಟಿ ನೇರಳೆ ಮರದ ಕಡೆಗೆ. ಹೆದರಿಕೆಯಲ್ಲಿ ಯಾರಾದರೂ ಮರದ ಕಡೆಗೇ ಓಡುವುದು. ಮಾಬ್ಲ ಅವರ ಹಿಂದೆ ಓಡಿದ. ಅವನು ಇನ್ನೂ ಮೂವತ್ತು ಹೆಜ್ಜೆ ಹಿಂದೆ ಇರುವಾಗ ಎಲ್ಲ ಬೆಳ್ಳಗಾಯಿತು. ನಾನು ಎದ್ದು ಓಡಿ ಹೋಗಿ ಮುಟ್ಟುವಾಗ ಬಸವರಾಜರ ಹತ್ತಿರ ಗೀತಾ ಕೂತಿದ್ದರು. ಮಾಬ್ಲ ಮಗ್ಗುಲಾಗಿ ಬಿದ್ದಿದ್ದ, ಕಣ್ಣು ತೆರೆದಿತ್ತು, ನಾನು ಹೇಳಿದ್ದು ಅವನಿಗೆ ಕೇಳುತ್ತಿರಲಿಲ್ಲ.

ಏಳು ಜನ ಉಳಿದರು. ಅವನು ಅಂಗಳದಲ್ಲಿ ಕಪ್ಪೆಯ ಹಾಗೆ ಕೂರಿಸಿ ಕಲಿಸಿದ್ದರಿಂದ ಉಳಿದರು. ಅದನ್ನು ಯಾವ ಬೋರ್ಡಿನ ಮೇಲೂ ಬರೆದಿಲ್ಲ.

ಸಿದ್ದಾಪುರದ ಆಸ್ಪತ್ರೆಯಲ್ಲಿ ಮರುದಿನ ಅವನಿಗೆ ಸ್ವಲ್ಪ ಸ್ವಲ್ಪ ಕೇಳಲು ಶುರುವಾಯಿತು. ಮೊದಲು ಕೇಳಿದ್ದು ಇದನ್ನೇ.

“ಅಕ್ಕ, ಕೂಗಿದ್ಯನೇ?”

“ಕೂಗ್ದೆ.”

“ಎಷ್ಟ್ ಸಲ?”

ಒಂದು ಎನ್ನಬೇಕಿತ್ತು. ಯಾವಾಗ ಎಂದೂ ಹೇಳಬೇಕಿತ್ತು. “ಮೂರು ಸಲ,” ಎಂದೆ.

ಅವನು ಕಣ್ಣು ಮುಚ್ಚಿಕೊಂಡ. ಮಧ್ಯಾಹ್ನ ಪೊಲೀಸರು ಬಂದು ಕೇಳಿದಾಗ ಅವನೇ ಬಾಯಿಬಿಟ್ಟು ಹೇಳಿದ, “ಅಕ್ಕ ಮೂರು ಸಲ ಕೂಗಿದ್ಲು. ನಂಗೆ ಕೇಳ್ಲಿಲ್ಲ. ತಪ್ಪು ನಂದೇ.” ಅವರು ಬರೆದುಕೊಂಡರು. ನಾನು ಮಂಚದ ಕಾಲ ಹತ್ತಿರ ಫ್ಲಾಸ್ಕು ಹಿಡಿದುಕೊಂಡು ನಿಂತಿದ್ದೆ. ಕೂಗದೇ ಕೂತ ಮುಕ್ಕಾಲು ತಾಸಿಗಿಂತ ಆ ಫ್ಲಾಸ್ಕು ಹಿಡಿದು ನಿಂತದ್ದು ದೊಡ್ಡ ತಪ್ಪು. ಮೋಡ ನೋಡುತ್ತ ಕೂತಾಗ ಒಬ್ಬರು ಸಾಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಇಲ್ಲಿ ಎಲ್ಲ ಗೊತ್ತಿದ್ದೇ ನಿಂತಿದ್ದೆ.

ಊರಿನವರು ವಿಧಿ ಎಂದರು. ಸಿಡಿಲಿಗೆ ಯಾರು ಏನು ಮಾಡಲಾಗುತ್ತದೆ ಎಂದರು. ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಿಡಿಲಿಗೆ ಏನು ಮಾಡಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಒಂದು ಕಲ್ಲು, ಒಬ್ಬ ಮನುಷ್ಯ, ಒಂದು ಕೂಗು. ಅಷ್ಟು ಸಾಕಿತ್ತು. ಅದನ್ನು ಮೊದಲು ಸುರೇಶಣ್ಣ ಹಾಳು ಮಾಡಿದ, ಆಮೇಲೆ ನಗು ಹಾಳು ಮಾಡಿತು, ಕೊನೆಗೆ ನಾನು ಮುಗಿಸಿದೆ. ವಿಧಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಸುರೇಶಣ್ಣ ಪೊಲೀಸರ ಹತ್ತಿರ, “ನಾ ಹುಷಾರು ಹೇಳೇ ಕಳ್ಸಿದ್ದೆ” ಎಂದನಂತೆ. ಅವನ ಸ್ಟೇ ಈಗಲೂ ನಡೆಯುತ್ತದೆ, ನಾನು ಮಾತ್ರ ಹೋಗುವುದಿಲ್ಲ. ಹೋದ ವಾರ ಎಮ್ಮೆ ಹುಡುಕಲು ಹೋದೆನಲ್ಲ, ಆಗ ಮಧ್ಯಾಹ್ನ ಒಂದು ಗಂಟೆ. ಆ ಹೊತ್ತಿನಲ್ಲಿ ಹಾಡು ಹಾಕಿಕೊಂಡು ಆರೇಳು ಜನ ಮೇಲೆ ಹತ್ತುತ್ತಿದ್ದರು. ಒಬ್ಬರು ಬೋರ್ಡಿಗೆ ಒರಗಿ ಫೋಟೋ ತೆಗೆಸಿಕೊಂಡರು. “ಕಲ್ಲಿನ ಮೇಲೆ ಯಾರು ಕೂತಿದ್ದಾರೆ?” ಎಂದು ಕೇಳಿದೆ. ಯಾವ ಕಲ್ಲು ಎಂದರು. ಇಳಿಯಿರಿ ಎಂದೆ. ಈ ಹೆಂಗಸಿಗೆ ಏನಾಗಿದೆ ಎನ್ನುವ ಹಾಗೆ ನೋಡಿ ಮುಂದೆ ಹೋದರು. ಅಲ್ಲಿಯೇ ನಿಂತು ಅವರು ಇಳಿದು ಬರುವವರೆಗೆ ಮೂಡಣ ನೋಡುತ್ತ ಇದ್ದೆ. ಮೋಡ ಏಳಲಿಲ್ಲ. ಎಮ್ಮೆ ತಾನೇ ಮನೆಗೆ ಹೋಗಿತ್ತು.

ಮಾಬ್ಲ ಆ ವರ್ಷವೇ ಊರು ಬಿಟ್ಟ. ಈಗ ಯಲ್ಲಾಪುರದ ಆಚೆ ಇಡಗುಂದಿಯಲ್ಲಿ ಗಿಡದ ನರ್ಸರಿಯಲ್ಲಿ ಕೆಲಸ ಮಾಡುತ್ತಾನೆ, ಮಣ್ಣು ಜರಡಿ ಹಿಡಿದು ಚೀಲ ತುಂಬುವುದು. ಎರಡು ಸಲ ಹೆಣ್ಣು ನೋಡಿದ್ದೆವು. ಎರಡು ಕಡೆಯೂ ಅವನೇ, “ನಂಗೆ ಕಿವಿ ಸಮ ಇಲ್ಲ, ಮತ್ತೊಬ್ರ ಜೀವಕ್ಕೆ ತೊಂದ್ರೆ” ಎಂದು ಬಂದುಬಿಟ್ಟ. ಯಾರು ಏನು ಹೇಳಿದರೂ “ಆಂ?” ಎನ್ನುವ ಅಭ್ಯಾಸ ಮಾಡಿಕೊಂಡಿದ್ದ. ಕೇಳದ್ದಕ್ಕಲ್ಲ, ತನ್ನ ಕಿವಿಯ ಮೇಲೆ ನಂಬಿಕೆ ಇಲ್ಲದ್ದಕ್ಕೆ.

ಅಂಗೈ ಮೇಲೆ ಆ ಪದ ಬರೆದುಕೊಂಡು ಬಂದ ಮರುದಿನ ಹೊರಟೆ. ಸಿದ್ದಾಪುರ, ಶಿರಸಿ, ಯಲ್ಲಾಪುರ, ಮೂರು ಬಸ್ಸು ಬದಲಿಸಿ ಇಡಗುಂದಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಅವನು ಹಸಿರು ಬಲೆಯ ಕೆಳಗೆ ಕೂತು ಚೀಲ ತುಂಬುತ್ತಿದ್ದ. ಕೂತು ಮಾತಾಡುವ ಧೈರ್ಯ ಇರಲಿಲ್ಲ, ನಿಂತೇ ಹೇಳಿದೆ.

“ಮಾಬ್ಲ, ನಾ ಅವತ್ತು ತಡ ಕೂಗ್ದೆ.”

“ಆಂ?”

“ನಿಂಗೆ ಕೇಳ್ತು. ನೀ ಆಂ ಅಂತ ಎಂತಕ್ಕೆ ಹೇಳ್ತೆ? ತಡ ಕೂಗ್ದೆ. ಗಾಳಿ ತಿರುಗಿದ ಮೇಲೆ. ಮೂರು ಸಲ ಅಲ್ಲ, ಒಂದೇ ಸಲ.”

ಅವನು ಕೈಯಲ್ಲಿದ್ದ ಚೀಲ ತುಂಬಿ, ತಟ್ಟಿ, ಸಾಲಿಗೆ ಇಟ್ಟ. ಇನ್ನೊಂದು ಚೀಲ ತೆಗೆದುಕೊಂಡ. ತುಂಬಲಿಲ್ಲ.

“ಮೋಡ ಎಷ್ಟೊತ್ತಿಗೆ ಕಂಡ್ತು?”

“ಹನ್ನೆರಡಕ್ಕೆ.”

“ಹನ್ನೆರಡಕ್ಕೆ ನಾವು ತುದಿ ಮೇಲೆ ಅವಲಕ್ಕಿ ತಿಂತಿದ್ವು.” ಸ್ವಲ್ಪ ಹೊತ್ತು ಬಾಯಲ್ಲೇ ಏನೋ ಎಣಿಸಿದ. “ಅರ್ಧ ತಾಸಿಗೆ ಕಾನಿಗೆ ಇಳೀತಿದ್ವು. ಅವ್ರು ನಿಧಾನ ಬಂದ್ರೂ ಇಳೀತಿದ್ವು.”

“ಇಳೀತಿದ್ರಿ.”

“ಎಂತಕ್ಕೆ ಕೂಗ್ಲಿಲ್ಲ?”

“ನೀ ನಕ್ಕಿದ್ಯಲ. ಒಲೆ ಹೊಗೆ ಅಂದ್ಯಲ.”

ಅವನು ತಲೆ ಎತ್ತಿ ನೋಡಿದ. ಆ ಮಾತು ಅವನಿಗೆ ನೆನಪೇ ಇರಲಿಲ್ಲ. ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಅವನ ಬಾಯಿಂದ ಹೊರಬಿದ್ದು ಮರೆತು ಹೋದ ಒಂದು ಮಾತನ್ನು ನಾನು ಮೂರು ವರ್ಷ ಎದೆಯಲ್ಲಿ ಸಾಕಿದ್ದೆ.

“ಶಿರಸಿ ಕಿವಿ ಡಾಕ್ಟ್ರು ಮೂರು ಸಲ ನೋಡಿ ಹೇಳಿದ್ರು,” ಎಂದ ಆಮೇಲೆ. “ಎಂತದೂ ಆಗ್ಲಿಲ್ಲ, ಕಿವಿ ಚೊಲೋ ಅದೆ ಅಂತ. ನಿಮ್ಮ ಮಿಷನ್ನೇ ಸಮ ಇಲ್ಲ ಅಂತ ನಾ ಅವ್ರಿಗೇ ಬೈದು ಬಂದಿದ್ದೆ.”

ನಗು ಬರುವ ಮಾತು. ಇಬ್ಬರೂ ನಗಲಿಲ್ಲ. ಅವನ ಮುಖ ಕೆಂಪಗಾಗುತ್ತ ಬಂತು. ಎದ್ದು ನಿಂತ, ಕೈಯಲ್ಲಿದ್ದ ಖಾಲಿ ಚೀಲ ನೆಲಕ್ಕೆ ಬಿಸುಟ.

“ನಾ ಗೀತಕ್ಕಂಗೆ ಪ್ರತಿ ಹಸ್ತಕ್ಕೆ ಫೋನ್ ಮಾಡ್ತೆ ಗೊತ್ತದ್ಯಾ ನಿಂಗೆ? ನಂಗೆ ಕೇಳ್ಲಿಲ್ಲ, ಮಾಫ್ ಮಾಡಿ ಅಂತ. ಪ್ರತಿ ವರ್ಷ. ಅವ್ರು ಪಾಪ, ಇರ್ಲಿ ಬಿಡ್ರಿ ಅಣ್ಣಾರ ಅಂತ್ರು. ನಾ ಮಾಡ್ದೇ ಇದ್ದದ್ದಕ್ಕೆ.”

ನನಗೆ ಗೊತ್ತಿರಲಿಲ್ಲ. ಅವನು ಕೈ ಒರೆಸಿಕೊಂಡು ಜೇಬಿನಿಂದ ಮೊಬೈಲು ತೆಗೆದ, ಒತ್ತಿದ, ನನ್ನ ಕೈಗೆ ಕೊಟ್ಟ. “ನೀನೇ ಹೇಳು,” ಎಂದ. ಸಾಲು ಸಾಲು ಗಿಡಗಳ ಮಧ್ಯೆ ನಡೆದು, ನರ್ಸರಿಯ ಆಚೆ ತುದಿಯಲ್ಲಿ ಬೇಲಿಯ ಹತ್ತಿರ ಬೆನ್ನು ಹಾಕಿ ನಿಂತ.

ಆ ಕಡೆಯಿಂದ ದನಿ ಬಂತು. “ಹೇಳ್ರಿ ಅಣ್ಣಾರ, ಆರಾಮ ಅದೀರಿಲ್ಲ?”

“ನಾನು ಅವನಲ್ಲ. ಅವನ ಅಕ್ಕ, ದೇವಕಿ.”

“ಯಾರು? ಕೂಗೂ ಅಕ್ಕಾರೇನ್ರಿ?” ಎಂದರು ಗೀತಾ. “ತಡೀರಿ, ಇಲ್ಲೆ ಗದ್ಲ ಭಾಳ ಐತಿ. ಹೊರಗ ಬರ್ತೀನಿ.” ಬಾಗಿಲು ತೆಗೆದ ಸದ್ದು, ಹೆಜ್ಜೆಯ ಸದ್ದು. “ಹಾಂ, ಈಗ ಹೇಳ್ರಿ.”

ಹೇಳಿದೆ. ಆದರೆ ದನಿ ಸಣ್ಣದಾಗಿತ್ತು, ಮೊಬೈಲೂ ಬಾಯಿಂದ ದೂರ ಇತ್ತು. “ಕೇಳವಲ್ದ್ರಿ ಅಕ್ಕಾರ,” ಎಂದರು ಅವರು.

ಅಷ್ಟು ದೂರದಿಂದ, ತಿರುಗಿ ನೋಡದೆ, ಮಾಬ್ಲ ಹೇಳಿದ, “ಗಟ್ಟಿ ಹೇಳು ಅಕ್ಕ. ನಂಗೆ ಇಲ್ಲಿಗೂ ಕೇಳ್ತದೆ, ಅವ್ರಿಗೂ ಕೇಳ್ಲಿ.”

ನಾನು ಮೊಬೈಲು ಬಾಯಿಗೆ ಹತ್ತಿರ ಹಿಡಿದೆ. ನರ್ಸರಿಯ ಹೆಂಗಸರು ಕೆಲಸ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. “ಹನ್ನೆರಡಕ್ಕೇ ಮೋಡ ಕಂಡಿತ್ತು ಗೀತಕ್ಕ,” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ನಾ ಕೂಗಲಿಲ್ಲ.”